ಅರವತ್ತೈದು ಸಾವಿರ ಡಾಲರಿನ ಪಿಕಪ್

ಅಮೆರಿಕದಲ್ಲಿ ಈಗ ಒಂದು ದೊಡ್ಡ ಪಿಕಪ್ ಟ್ರಕ್ಕಿಗೆ ಜನ ಸರಾಸರಿ 65 ಸಾವಿರ ಡಾಲರ್ ಆಸುಪಾಸು ಕೊಡುತ್ತಿದ್ದಾರೆ. ನಮ್ಮ ರೂಪಾಯಿ ಲೆಕ್ಕದಲ್ಲಿ ಐವತ್ತು ಲಕ್ಷಕ್ಕೂ ಮೇಲೆ. ಕಾರು, ಎಸ್‌ಯುವಿ, ಟ್ರಕ್ ಎಲ್ಲ ಸೇರಿಸಿದರೂ ಹೊಸ ಗಾಡಿಯ ಸರಾಸರಿ ಬೆಲೆ 2025ರ ಸೆಪ್ಟೆಂಬರಿನಲ್ಲಿ ಮೊದಲ ಸಲ 50 ಸಾವಿರ ಡಾಲರ್ ದಾಟಿತು.

ಈ ಮಾತು ಬಂದಾಗಲೆಲ್ಲ ಇಲ್ಲಿನ ನಮ್ಮ ಕನ್ನಡದವರ ಗುಂಪಿನಲ್ಲಿ ಒಂದೇ ಉತ್ತರ: ಜನಕ್ಕೆ ಶೋಕಿ ಜಾಸ್ತಿ ಆಗಿದೆ. ನಾನು ಪೂರ್ತಿ ಒಪ್ಪಲ್ಲ. ಶೋಕಿಯವರು ಯಾವ ಕಾಲದಲ್ಲಿ ಇರಲಿಲ್ಲ ಹೇಳಿ? ಈಗಿನ ತೊಂದರೆ ಬೇರೆ. ಶೋಕಿ ಬೇಡ ಅನ್ನುವವನಿಗೆ ಅಂಗಡಿಯಲ್ಲಿ ಮಾಲೇ ಇಲ್ಲ.

ನಾನಿರುವುದು ಟೆಕ್ಸಾಸ್‌ನಲ್ಲಿ. ಇಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಡುವ ಸಾಲಿನಲ್ಲೂ ಎತ್ತ ನೋಡಿದರೂ ಪಿಕಪ್ಪೇ. ಇತ್ತೀಚೆಗೆ ಒಬ್ಬ ಡೀಲರ್ ಹತ್ತಿರ ಹೋಗಿ, ಎರಡು ಬಾಗಿಲು, ಉದ್ದ ಬೆಡ್ (ಹಿಂದೆ ಸಾಮಾನು ಹೇರುವ ತೊಟ್ಟಿ), ಬಟ್ಟೆ ಸೀಟಿನ ಸಾದಾ ಟ್ರಕ್ ತೋರಿಸಿ ಅಂದೆ. "ಅದನ್ನ ನಾವು ಸ್ಟಾಕ್ ಇಡಲ್ಲ ಸರ್, ಕಂಪನಿಗಳು ಆರ್ಡರ್ ಮಾಡಿ ತರಿಸ್ಕೋತಾರೆ" ಅಂದ ಸೇಲ್ಸಿನವನು, ಪಕ್ಕದಲ್ಲೇ ನಿಂತಿದ್ದ ಟಾಪ್ ಮಾಡೆಲ್ಲಿನ ಬಾಗಿಲು ತೆಗೆದ. ತೆಗೆದ ಕೂಡಲೇ ಕೆಳಗಿಂದ ಮೆಟ್ಟಿಲು ತಾನಾಗಿಯೇ ಹೊರಗೆ ಬಂತು. ಸೀಟಿನ ಬಟನ್ ಒತ್ತಿದರೆ ಬೆನ್ನ ಹಿಂದೆ ಯಾರೋ ಮುಷ್ಟಿ ಕಟ್ಟಿ ಸೊಂಟದಿಂದ ಭುಜದವರೆಗೆ ಒತ್ತಿಕೊಂಡು ಹೋದ ಹಾಗೆ. ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ. ಹಿಂದಿನ ಬಾಗಿಲೂ ಬಟನ್ನಿಗೆ ಮೆಲ್ಲಗೆ ಇಳಿಯುತ್ತದೆ.

ಇಳಿದ ಮೇಲೆ ನೋಡಿದರೆ ಬೆಡ್ ಇರುವುದು ಐದೂವರೆ ಅಡಿ. ಇಲ್ಲಿ ಪ್ಲೈವುಡ್ ಶೀಟ್ ಎಂಟು ಅಡಿ ಉದ್ದ ಬರುತ್ತದೆ. ಶನಿವಾರ ಬೆಳಗ್ಗೆ, ಮನೆ ರಿಪೇರಿ ಸಾಮಾನು ಮಾರುವ ಹೋಮ್ ಡಿಪೋ ಪಾರ್ಕಿಂಗ್‌ನಲ್ಲಿ ಸುಮ್ನೆ ಹತ್ತು ನಿಮಿಷ ನಿಂತು ನೋಡಿ. ಅಷ್ಟು ದುಡ್ಡಿನ ಟ್ರಕ್ಕಿನ ಹಿಂದೆ ಎರಡೂವರೆ ಅಡಿ ಪ್ಲೈವುಡ್ ಹೊರಗೆ ಚಾಚಿಕೊಂಡು, ತುದಿಗೆ ಒಂದು ಕೆಂಪು ಬಟ್ಟೆ ಕಟ್ಟಿಕೊಂಡು ಹೋಗುತ್ತಿರುತ್ತದೆ. ಜಾಗವನ್ನೆಲ್ಲ ಮುಂದಿನ ನಾಲ್ಕು ಬಾಗಿಲಿನ ಕ್ಯಾಬಿನ್ ತಿಂದುಬಿಟ್ಟಿದೆ.

1948ರಲ್ಲಿ ಫೋರ್ಡ್ ತನ್ನ ಎಫ್-ಸೀರೀಸ್ ಶುರು ಮಾಡಿದಾಗ ಪಕ್ಕದಲ್ಲಿ ಕೂರುವವನ ಕಡೆಯ ವೈಪರ್ರಿಗೂ ಬೇರೆ ದುಡ್ಡು ಕೊಡಬೇಕಿತ್ತು. ಅದೇ ಸೀರೀಸಿನ ಎಫ್-150ಗೆ 2001ರಲ್ಲಿ ಕಿಂಗ್ ರ‍್ಯಾಂಚ್ ಅನ್ನುವ ಚರ್ಮದ ಸೀಟಿನ ಮಾಡೆಲ್ ಬಂತು. ಹೆಸರು ನಮ್ಮ ಟೆಕ್ಸಾಸ್‌ನ ದನ ಸಾಕುವ ದೊಡ್ಡ ಎಸ್ಟೇಟಿನದು. ಮರುವರ್ಷ ಫೋರ್ಡಿನದೇ ದುಬಾರಿ ಬ್ರ್ಯಾಂಡ್ ಲಿಂಕನ್‌ನವರು ಬ್ಲ್ಯಾಕ್‌ವುಡ್ ಅಂತ ಒಂದು ತಂದರು. ಅದರ ಬೆಡ್ಡಿಗೆ ಕಾರ್ಪೆಟ್ ಹಾಸಿದ್ದರು! ಮಣ್ಣು, ಜಲ್ಲಿ ಹಾಕುವ ಜಾಗಕ್ಕೆ ಕಾರ್ಪೆಟ್. ಜನ ನಕ್ಕರು, ಗಾಡಿ ಬೇಗನೆ ನಿಂತುಹೋಯಿತು. ಆದರೆ ಅದರ ಹಿಂದಿನ ಆಲೋಚನೆ ನಿಲ್ಲಲಿಲ್ಲ. ಕಾರ್ಪೆಟ್ಟನ್ನು ಹಿಂದಿನಿಂದ ಮುಂದಕ್ಕೆ ತಂದರು, ಅಷ್ಟೇ.

ಹೊಸದೆಲ್ಲ ದಂಡ ಅನ್ನುತ್ತಿಲ್ಲ. 2021ರ ಫೆಬ್ರವರಿಯ ಚಳಿಗೆ ಟೆಕ್ಸಾಸ್‌ನಲ್ಲಿ ಕರೆಂಟ್ ಹೋಗಿ ಜನ ಒದ್ದಾಡಿದಾಗ, ಎಫ್-150 ಹೈಬ್ರಿಡ್ ಇಟ್ಟುಕೊಂಡವರು ಟ್ರಕ್ಕಿನಿಂದಲೇ ಮನೆಗೆ ವೈರ್ ಎಳೆದುಕೊಂಡರು. 7.2 ಕಿಲೋವ್ಯಾಟ್ ತನಕ ಕೊಡುತ್ತದೆ ಅದು. ಹಿಂದೆ ನೋಡುವ ಕ್ಯಾಮೆರಾ 2018ರಿಂದ ಕಡ್ಡಾಯ. ಇರಲೇಬೇಕು. ಇಂಥದಕ್ಕೆ ದುಡ್ಡು ಕೊಡಲು ನನಗೆ ಬೇಜಾರಿಲ್ಲ.

ಸಾದಾ ಟ್ರಕ್ ಸಿಗದಿರಲು ಒಂದು ಕಾರಣ ಕೇಳಿದರೆ ನಗು ಬರುತ್ತದೆ. ಕೋಳಿ! ಅರವತ್ತರ ದಶಕದಲ್ಲಿ ಅಮೆರಿಕದ ಅಗ್ಗದ ಕೋಳಿ ಯುರೋಪಿನ ಮಾರುಕಟ್ಟೆಗೆ ನುಗ್ಗಿತು. ಫ್ರಾನ್ಸ್, ಪಶ್ಚಿಮ ಜರ್ಮನಿ ಕಡೆಯವರು ಅದರ ಮೇಲೆ ಸುಂಕ ಹಾಕಿದರು. ಸಿಟ್ಟಿಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಹೊರಗಿನಿಂದ ಬರುವ ಬ್ರಾಂಡಿ, ಆಲೂಗಡ್ಡೆ ಪಿಷ್ಟ, ಸಣ್ಣ ಟ್ರಕ್ಕು ಇವುಗಳ ಮೇಲೆ ಶೇಕಡಾ 25 ಸುಂಕ ಜಡಿದರು. 1964ರಲ್ಲಿ ಜಾರಿಗೆ ಬಂತು. ಬ್ರಾಂಡಿಗೆ, ಪಿಷ್ಟಕ್ಕೆ ಆಮೇಲೆ ಬಿಡುಗಡೆ ಸಿಕ್ಕಿತು. ಟ್ರಕ್ಕಿಗೆ ಇವತ್ತಿಗೂ ಇಲ್ಲ. ಅಮೆರಿಕದ ಕಂಪನಿಗೂ ಇದು ಎಷ್ಟು ಚುಚ್ಚಿತ್ತು ಅಂದ್ರೆ, ಫೋರ್ಡ್ ತನ್ನ ಟ್ರಾನ್ಸಿಟ್ ಕನೆಕ್ಟ್ ವ್ಯಾನ್‌ಗಳಿಗೆ ಹಿಂದೆ ಸೀಟು ಜೋಡಿಸಿ ಪ್ಯಾಸೆಂಜರ್ ಗಾಡಿ ಅಂತ ಹಡಗಿನಲ್ಲಿ ತರಿಸಿ, ಬಂದರಿಗೆ ಬಂದ ಮೇಲೆ ಸೀಟು ಕಿತ್ತು ಮಾರುತ್ತಿತ್ತು. ಸರ್ಕಾರದ ಜೊತೆಗಿನ ಆ ಸುಂಕದ ಕೇಸು ಕೊನೆಗೆ 2024ರಲ್ಲಿ 36.5 ಕೋಟಿ ಡಾಲರಿಗೆ ರಾಜಿಯಾಯಿತು.

ಹಾಗಾಗಿ ಪ್ರಪಂಚವೆಲ್ಲ ಓಡಿಸುವ ಟೊಯೊಟಾ ಹೈಲಕ್ಸ್ ಪಿಕಪ್ ಇಲ್ಲಿ ಸಿಗಲ್ಲ. ನಮ್ಮ ಬಿಡದಿಯಲ್ಲಿ ಜೋಡಿಸುತ್ತಾರಲ್ಲ, ಅದೇ ಗಾಡಿ. ಅದೇನು ಊರಲ್ಲಿ ಅಗ್ಗ ಅಂದ್ಕೋಬೇಡಿ, 2022ರಲ್ಲಿ ಬಿಟ್ಟಾಗಲೇ 33.99 ಲಕ್ಷ. ಮಂಡ್ಯದ ಕಡೆ ಟೊಮೆಟೊ ಕ್ರೇಟು ಹೊರುವುದು ಬೊಲೆರೊ ಪಿಕಪ್ಪು, ಟಾಟಾ ಏಸು. ಆದರೆ ನೋಡಿ, ಅಲ್ಲಿ ಹೈಲಕ್ಸ್ ಬಂತು ಅಂತ ಟಾಟಾ ಏಸ್ ಮಾಯವಾಗಲಿಲ್ಲ. ಕೆಲಸದವನಿಗೆ ಕೆಲಸದ ಗಾಡಿ ಇನ್ನೂ ಇದೆ. ಇಲ್ಲಿ ಆ ಕೆಳಗಿನ ಮೆಟ್ಟಿಲನ್ನೇ ಮುರಿದು ಹಾಕಿದ್ದಾರೆ.

ಮೈಲೇಜ್ ಕಾನೂನೂ ಇದಕ್ಕೆ ಕೈ ಜೋಡಿಸಿತು. ಚಕ್ರಗಳ ನಡುವಿನ ಜಾಗ ದೊಡ್ಡದಾದಷ್ಟೂ ಮೈಲೇಜ್ ಗುರಿ ಸಡಿಲ. ಹಾಗಿದ್ದಾಗ ಸಣ್ಣ ಟ್ರಕ್ ಮಾಡಿ ಯಾರು ತಲೆನೋವು ತಂದ್ಕೋತಾರೆ? ಫೋರ್ಡಿನ ಹಳೆಯ ಚಿಕ್ಕ ಪಿಕಪ್ ರೇಂಜರ್ ಇಲ್ಲಿ 2011ಕ್ಕೆ ಮುಗಿಯಿತು. 2019ರಲ್ಲಿ ವಾಪಸ್ ಬಂದಾಗ ಮೈ ತುಂಬಿಕೊಂಡು ಬಂತು. ಮೇಲಿಂದ ತೆರಿಗೆ ಕಾನೂನು ಬೇರೆ. ಗಾಡಿಯ ಒಟ್ಟು ತೂಕದ ಮಿತಿ 6,000 ಪೌಂಡ್ ದಾಟಿದರೆ ಬಿಸಿನೆಸ್ ಖರ್ಚು ಅಂತ ದೊಡ್ಡ ಮೊತ್ತ ಕಳೆಯಬಹುದು. ಸ್ವಂತ ಕನ್ಸಲ್ಟಿಂಗ್ ಕಂಪನಿ ಇರುವ ನಮ್ಮ ಗೆಳೆಯರಿಗೆ ಡಿಸೆಂಬರ್ ಬಂದರೆ ಇದ್ದಕ್ಕಿದ್ದಂತೆ ಟ್ರಕ್ ಮೇಲೆ ಪ್ರೀತಿ ಉಕ್ಕುವುದು ಸುಮ್ಮನೆ ಅಲ್ಲ. ಲ್ಯಾಪ್‌ಟಾಪ್ ಬ್ಯಾಗ್ ಹೊರಲು ಅಷ್ಟು ದೊಡ್ಡ ಗಾಡಿ!

ಇನ್ನು ಸಾಲ. ಆ ಸೇಲ್ಸಿನವನು ನನ್ನ ಹತ್ತಿರ ಗಾಡಿ ಬೆಲೆ ಎಷ್ಟು ಅಂತ ತಾನಾಗಿ ಹೇಳಲೇ ಇಲ್ಲ. ತಿಂಗಳಿಗೆ ಎಷ್ಟು ಕಟ್ಟಬಹುದು ಅಂತಲೇ ಕೇಳುತ್ತಿದ್ದ. 84 ತಿಂಗಳ ಸಾಲ ಈಗ ಮಾಮೂಲು. ಏಳು ವರ್ಷ! ಎಂಟು ಸಾವಿರ ಡಾಲರಿನ ಪ್ಯಾಕೇಜು ತಿಂಗಳ ಲೆಕ್ಕದಲ್ಲಿ ಬಡ್ಡಿ ಬಿಟ್ಟು ನೂರು ಡಾಲರಿಗೂ ಕಮ್ಮಿ ಕಾಣುತ್ತದೆ. ಹೀಗೇ ಮಸಾಜ್ ಸೀಟು ಎಲ್ಲರ ಮನೆಗೂ ಬಂದಿದ್ದು.

ಜನಕ್ಕೆ ಶೋಕಿಯೇ ಬೇಕು ಅನ್ನುವವರು ಮಾವೆರಿಕ್ ಕಥೆ ನೋಡಲಿ. ಫೋರ್ಡ್ 2021ರಲ್ಲಿ ಈ ಸಣ್ಣ ಟ್ರಕ್ಕನ್ನು, ಅದೂ ಹೈಬ್ರಿಡ್, 19,995 ಡಾಲರಿಗೆ ಬಿಟ್ಟಿತು. ಬುಕಿಂಗ್ ಎಷ್ಟು ಬಂತು ಅಂದ್ರೆ ಮೊದಲ ವರ್ಷ ಆರ್ಡರ್ ತಗೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ಗಿರಾಕಿ ಕಾಯುತ್ತಿದ್ದ, ಮಾಲು ಇರಲಿಲ್ಲ. ಆಮೇಲೆ? 2025ರ ಮಾಡೆಲ್ ಶುರುವಾಗಿದ್ದೇ 26 ಸಾವಿರದ ಮೇಲೆ. ಸ್ಲೇಟ್ ಅನ್ನುವ ಹೊಸ ಕಂಪನಿ 2025ರ ಏಪ್ರಿಲ್‌ನಲ್ಲಿ ಒಂದು ಎಲೆಕ್ಟ್ರಿಕ್ ಪಿಕಪ್ ತೋರಿಸಿತು. ಕೈಯಲ್ಲಿ ತಿರುಗಿಸುವ ಕಿಟಕಿ, ಸ್ಟೀರಿಯೋ ಇಲ್ಲ, ಪೇಂಟೂ ಇಲ್ಲ. ಸರ್ಕಾರದ ರಿಯಾಯಿತಿ ಕಳೆದು 20 ಸಾವಿರದೊಳಗೆ ಅಂದಿದ್ದರು. ಸೆಪ್ಟೆಂಬರ್ ಕೊನೆಗೆ ಆ ರಿಯಾಯಿತಿಯೇ ರದ್ದಾಯಿತು. ಇಪ್ಪತ್ತೈದು ವರ್ಷ ಹಳೆಯದಾದ ಜಪಾನಿನ ಪುಟಾಣಿ ಸುಜುಕಿ ಕ್ಯಾರಿ ಟ್ರಕ್ಕುಗಳನ್ನು ಇಲ್ಲಿನ ರೈತರು ಹಡಗಿನಲ್ಲಿ ತರಿಸಿಕೊಳ್ಳುತ್ತಿರುವುದು ಶೋಕಿಗಲ್ಲ ಅಲ್ವಾ?

ನಾನಂತೂ ಆ ದಿನ ಏನೂ ತಗೊಳ್ಳದೆ ಬಂದೆ. ಸದ್ಯಕ್ಕೆ ಮರ, ಮಣ್ಣು ತರಬೇಕಾದರೆ ಹೋಮ್ ಡಿಪೋದ ಬಾಡಿಗೆ ಟ್ರಕ್. ಉದ್ದ ಬೆಡ್ಡು, ತುಂಬ ಗೀರು, ಒಳಗೆ ಸಿಮೆಂಟಿನ ವಾಸನೆ. ನಿಮ್ಮಲ್ಲಿ ಯಾರಾದರೂ ಹಳೇ ಮಾವೆರಿಕ್ ಹೈಬ್ರಿಡ್ ಇಟ್ಟುಕೊಂಡಿದ್ದರೆ ಕಾಮೆಂಟಿನಲ್ಲಿ ಹೇಳಿ: ಡಾಲಸ್ ಬಿಸಿಲಿಗೆ ಎಸಿ ಹಾಕಿಕೊಂಡು ಹೋದರೆ ನಿಜವಾಗಿ ಎಷ್ಟು ಮೈಲೇಜ್ ಕೊಡುತ್ತದೆ? ಮಾರುವ ಯೋಚನೆ ಇದ್ದರೆ ಅದನ್ನೂ ತಿಳಿಸಿ.