ಸತ್ಯಾಂಶ: ಯೋಂಗ್ಲೆ ವಿಶ್ವಕೋಶದ ಒಂದು ಹಾಳೆಯೂ ಉಳಿದಿಲ್ಲವೇ?

"ಚೀನಾದ ಯೋಂಗ್ಲೆ ವಿಶ್ವಕೋಶ 1900ರಲ್ಲಿ ಪೂರ್ತಿ ಸುಟ್ಟುಹೋಯಿತು, ಒಂದು ಹಾಳೆಯೂ ಉಳಿದಿಲ್ಲ" ಎಂಬ ಫಾರ್ವರ್ಡ್ ಓಡಾಡುತ್ತಿದೆ. ಇದು ಸರಿಯಲ್ಲ.

ಚೀನಾದ ಚಕ್ರವರ್ತಿ ಯೋಂಗ್ಲೆ ಬರೆಸಿದ ಈ ಕೈಬರಹದ ವಿಶ್ವಕೋಶದ, 1408ರಲ್ಲಿ ಮುಗಿದ ಮೂಲ ಪ್ರತಿ ಆ ಬೆಂಕಿಗೆ ಎಷ್ಟೋ ಮೊದಲೇ ಕಣ್ಮರೆಯಾಗಿತ್ತು. 1900ರಲ್ಲಿ ಬೀಜಿಂಗ್‌ನಲ್ಲಿ ಸುಟ್ಟಿದ್ದು 1560ರ ದಶಕದಲ್ಲಿ ಬರೆಸಿದ ನಕಲು. ಅದೂ ಪೂರ್ತಿಯಲ್ಲ, ಅಷ್ಟೊತ್ತಿಗೆ ಬಹಳಷ್ಟು ಸಂಪುಟ ಕಳವಾಗಿದ್ದವು. ಒಟ್ಟು 11,095 ಸಂಪುಟಗಳಲ್ಲಿ ಈಗ ಉಳಿದಿರುವುದು ಸುಮಾರು 400. ಬೀಜಿಂಗ್, ಲಂಡನ್, ವಾಷಿಂಗ್ಟನ್, ಡಬ್ಲಿನ್ ಲೈಬ್ರರಿಗಳಲ್ಲಿ ಅವು ಚದುರಿಹೋಗಿವೆ. ಕ್ಯಾಲಿಫೋರ್ನಿಯಾದ ಹಂಟಿಂಗ್ಟನ್ ಲೈಬ್ರರಿಯಲ್ಲಿ 2014ರಲ್ಲಿ ಇನ್ನೊಂದು ಸಿಕ್ಕಿತು. ಅದೂ ಅವರದ್ದೇ ಸಂಗ್ರಹದಲ್ಲಿ!

ಹಳದಿ ರೇಷ್ಮೆ ಹೊದಿಕೆ, ಅರ್ಧ ಮೀಟರ್ ಎತ್ತರದ ಪುಟ, ಕೆಂಪು ಗೆರೆಗಳ ನಡುವೆ ಕಪ್ಪು ಶಾಯಿಯ ಅಕ್ಷರ. ಅಲ್ಲಲ್ಲಿ ಬರುವ ಚಿತ್ರಗಳೂ ಕೈಯಲ್ಲೇ ಬಿಡಿಸಿದವು, ಅಚ್ಚು ಹಾಕಿದ್ದಲ್ಲ. ಕೆಲವು ಸಂಪುಟಗಳನ್ನು ಲೈಬ್ರರಿ ವೆಬ್‌ಸೈಟ್‌ಗಳಲ್ಲೇ ನೋಡಬಹುದು.