ಹುಳದ ಪಾಕ

ನಮ್ಮನೆಯವರು ಮೀನು ಹಿಡಿಯುತ್ತಾರೆ ಅಂದರೆ ಹಾಸನದಲ್ಲಿ ಯಾರೂ ನಂಬುವುದಿಲ್ಲ. ಹಿಡಿದ ಮೀನಿನ ಜೊತೆ ಫೋಟೋ ತೆಗೆಸಿಕೊಂಡು ಅದನ್ನು ವಾಪಸ್ ನೀರಿಗೆ ಬಿಡುತ್ತಾರೆ ಅಂದರಂತೂ ನನ್ನ ತಲೆಯೇ ಸರಿಯಿಲ್ಲವೇನೋ ಎಂಬಂತೆ ನೋಡುತ್ತಾರೆ. ಮೊಟ್ಟೆ ಹಾಕಿದ ಕೇಕನ್ನೂ ಹೊಸಿಲು ದಾಟಿಸದ ಮನೆತನ. ಟೆಕ್ಸಸ್‌ಗೆ ಬಂದಮೇಲೆ ಆಫೀಸಿನವರೊಬ್ಬರು ಲೇಕ್ ಫೋರ್ಕ್ ಎಂಬ ಕೆರೆಗೆ ಕರೆದುಕೊಂಡು ಹೋದದ್ದೇ ನೆಪ, ಶನಿವಾರ ಬಂತೆಂದರೆ ಇವರು ಕೈಗೆ ಸಿಗುವುದಿಲ್ಲ. 1992ರಲ್ಲಿ ಆ ಕೆರೆಯಲ್ಲಿ 18.18 ಪೌಂಡಿನ ಬಾಸ್ ಮೀನು ಸಿಕ್ಕಿತ್ತಂತೆ, ರಾಜ್ಯದ ದಾಖಲೆ. ಇವರ ಕಣ್ಣೂ ಅದರ ಮೇಲೇ. ಸಿಕ್ಕಿದ ಮೀನುಗಳು ಮಾತ್ರ ಫೋಟೋದಲ್ಲಿ ಹುಡುಕಿದರೆ ಕಾಣುವಷ್ಟು.

ಗಾಳಕ್ಕೆ ಸಿಕ್ಕಿಸುವುದು ನಿಜವಾದ ಎರೆಹುಳವಲ್ಲ, ಮೆತ್ತನೆಯ ಪ್ಲಾಸ್ಟಿಕ್ ಹುಳ. ಒಳಗಿರುವುದು ಪಿವಿಸಿ, ಮೆತ್ತಗಾಗಲು ಒಂದು ಬಗೆಯ ಎಣ್ಣೆ, ಮೇಲಿಷ್ಟು ಉಪ್ಪು, ಮಿನುಗುಪುಡಿ. ನಾಲ್ಕು ಸಲ ಕಚ್ಚಿಸಿಕೊಂಡರೆ ತಲೆ ಕಿತ್ತುಬರುತ್ತದೆ. ಕಿತ್ತದ್ದನ್ನು ಕೆರೆಗೆ ಎಸೆಯುವಂತಿಲ್ಲ. ಮೀನು ನುಂಗಿದರೆ ಅರಗುವುದಿಲ್ಲ, ಹೊಟ್ಟೆಯಲ್ಲೇ ಊದಿಕೊಂಡು ಕೂರುತ್ತದೆ. 2013ರಲ್ಲಿ ಮೇನ್ ರಾಜ್ಯದಲ್ಲಿ ಇಂಥ ಹುಳಗಳನ್ನೇ ನಿಷೇಧಿಸುವ ಮಸೂದೆ ಬಂದಿತ್ತು. ಹೀಗಾಗಿ ತಲೆಯಿಲ್ಲದವು, ಬಾಲವಿಲ್ಲದವು ಎಲ್ಲ ನಮ್ಮ ಗ್ಯಾರೇಜಿನ ಡಬ್ಬ ಸೇರಿದವು.

ಒಂದು ದಿನ ಡಬ್ಬ ತೆಗೆದರೆ ಹುಳಗಳೇ ಇಲ್ಲ, ತಳದಲ್ಲಿ ಲೋಳೆ. ಯಾವುದೋ ಬೇರೆ ಜಾತಿಯ, ಎಷ್ಟು ಎಳೆದರೂ ಹರಿಯದ ರಬ್ಬರಿನ ಹುಳ ಒಳಗೆ ಸೇರಿಕೊಂಡಿತ್ತು. ಅದಕ್ಕೂ ಪಿವಿಸಿಗೂ ಆಗಿಬರುವುದಿಲ್ಲ. ಒಟ್ಟಿಗಿಟ್ಟರೆ ಎರಡೂ ಕರಗಿ ಅಂಟಿಕೊಳ್ಳುತ್ತವೆ. "ಹೇಗೂ ಕರಗುತ್ತೆ ಅಂತಾಯ್ತಲ್ಲ, ನಾವೇ ಕರಗಿಸಿ ಹೊಸದು ಮಾಡಿದರೆ?" ಅಂದರು. ಆ ದನಿ ಕೇಳಿದರೆ ನನಗೆ ಗೊತ್ತಾಗುತ್ತದೆ, ಸಾಮಾನಿಗೆ ಆಗಲೇ ಆರ್ಡರ್ ಹೋಗಿರುತ್ತದೆ.

ನನ್ನ ಮೈಕ್ರೋವೇವ್ ಮುಟ್ಟಿದರೆ ನೋಡಿ ಅಂದೆ. "1949ರಲ್ಲಿ ಓಹಾಯೋದ ನಿಕ್ ಕ್ರೀಮ್ ಅನ್ನೋನು ಮೊದಲ ಹುಳ ಕಾಯಿಸಿದ್ದೂ ಮನೆಯಲ್ಲೇ ಕಣೇ. ಅವನ ಕಂಪನಿ ಆಮೇಲೆ ನಮ್ಮ ಟೆಕ್ಸಸ್‌ನ ಟೈಲರ್‌ಗೇ ಬಂತು" ಎಂದು ಇತಿಹಾಸ ತೆಗೆದರು. ಆತನ ಹೆಂಡತಿಯ ಹೆಸರು ಕಾಸ್ಮಾ. ಆಕೆಯ ಮೇಲೆ ನನಗೆ ಅವತ್ತಿನಿಂದ ವಿಶೇಷ ಗೌರವ. ಕೊನೆಗೆ ಗ್ಯಾರೇಜಿಗೆಂದೇ ಹಳೆಯ ಮೈಕ್ರೋವೇವ್, ಗಾಜಿನ ಪಾತ್ರೆ, ಥರ್ಮಾಮೀಟರು, ಮುಖವಾಡ, ಕೈಗವಸು ಎಲ್ಲ ಬಂದವು. ಅಷ್ಟು ದುಡ್ಡಿಗೆ ಬರುವ ಹೊಸ ಹುಳಗಳನ್ನು ಹಾಕಿದರೆ ಲೇಕ್ ಫೋರ್ಕ್ ಕೆರೆಯ ಒಂದು ಮೂಲೆಯೇ ತುಂಬುತ್ತಿತ್ತು.

ಅತ್ತೆ ಹಾಸನದಿಂದ ಬಂದಿದ್ದು ಅದೇ ಸಮಯಕ್ಕೆ. ಮೀನಿನ ವಿಷಯ ತಿಳಿದರೆ ರಾದ್ಧಾಂತವಾಗುತ್ತದೆ ಎಂದು ನಾನು ಹೆದರಿದ್ದೆ. ಅವರಿಗೆ ಕೇಳಿಸಿದ್ದು 'ಹಳೇದನ್ನು ಎಸೆಯದೆ' ಎಂಬುದೊಂದೇ. ಹಾರ್ಲಿಕ್ಸ್ ಬಾಟಲಿಯಿಂದ ಹಿಡಿದು ಕ್ಯಾಲೆಂಡರಿನ ದಾರದವರೆಗೆ ಎತ್ತಿಟ್ಟ ಜೀವ. "ಅಂತೂ ಬುದ್ಧಿ ಬಂತಲ್ಲೋ ಪುಟ್ಟಾ!" ಎಂದು ಗ್ಯಾರೇಜಿನಲ್ಲೇ ಕುರ್ಚಿ ಹಾಕಿಸಿಕೊಂಡರು.

ಪಿವಿಸಿ ಸರಿಯಾಗಿ ಕರಗಬೇಕಾದರೆ ಸುಮಾರು 350 ಡಿಗ್ರಿ ಫ್ಯಾರನ್‌ಹೀಟ್ ಬೇಕು. 400 ದಾಟಿದರೆ ಸೀದು, ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಗಂಟಲು, ಕಣ್ಣು ಉರಿಯೋ ಉರಿ. ಮೊದಲ ಪಾತ್ರೆ ಸೀದೇ ಹೋಯಿತು. ಬಾಗಿಲು ಪೂರ್ತಿ ತೆಗೆದಿದ್ದರೂ ಹೊಗೆ ಅಲಾರಂ ಕಿರುಚಿಕೊಂಡಿತು, ಎದುರು ಮನೆಯವರು ಹೊರಗೆ ಬಂದು ನಿಂತರು. ಅತ್ತೆ ಕೆಮ್ಮುತ್ತಲೇ, "ಮೈಸೂರು ಪಾಕ್ ಇದ್ದ ಹಾಗೆ ಇದು. ಕೈಬಿಟ್ಟೆ, ಕೆಟ್ಟೆ" ಎಂದು ತೀರ್ಪು ಕೊಟ್ಟರು. ಮುಂದಿನ ಪಾತ್ರೆಗೆ ಅವರೇ ಮುಖವಾಡ ಹಾಕಿಕೊಂಡು, ಸೆರಗು ಸಿಕ್ಕಿಸಿ ಕೋಲು ಹಿಡಿದರು. ಸ್ವಲ್ಪ ಕಾಯಿಸು, ತೆಗಿ, ತಿರುವು, ಮತ್ತೆ ಸ್ವಲ್ಪ ಕಾಯಿಸು. ಗಂಟುಗಂಟಾಗಿದ್ದದ್ದು ಜೇನಿನಷ್ಟು ತೆಳುವಾಗಿ ಇಳಿಯಿತು. ಹಳೆಯ ಹುಳದ ಉಪ್ಪೆಲ್ಲ ತಳ ಹಿಡಿದಿತ್ತು, ಅತ್ತೆ ಅದನ್ನೂ ಬಿಡದೆ ಕೆದಕಿದರು.

ಎರಡನೆಯ ಗಂಡಾಂತರ ಅಚ್ಚಿನದು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನಲ್ಲಿ ಇವರೇ ಮಾಡಿದ ಅಚ್ಚು ಒಳಗೊಳಗೇ ಹಸಿಯಾಗಿತ್ತು. ಬಿಸಿ ಪಾಕ ಬಿದ್ದದ್ದೇ ತಡ, ನೀರು ಆವಿಯಾಗಿ ಬುಳಬುಳ ಎಂದು ಉಕ್ಕಿ, ಒಂದು ತೊಟ್ಟು ಹಾರಿ ಇವರ ಇಷ್ಟದ ಟೋಪಿಗೆ ಅಂಟಿತು. ಈಗಲೂ ಅಲ್ಲೇ ಇದೆ. ಮಿನುಗುಪುಡಿ ಮಾತ್ರ ಮನೆಯೆಲ್ಲ ಹರಡಿ, ಮರುದಿನ ಸಾರಿನಲ್ಲಿ ಮಿಂಚುತ್ತಿತ್ತು. ಅತ್ತೆ ಅದನ್ನು ಕರಿಬೇವಿನ ಎಣ್ಣೆಯ ಹೊಳಪು ಎಂದುಕೊಂಡು ಎರಡು ಸಲ ಬಡಿಸಿಕೊಂಡರು. ನಾನು ಮಜ್ಜಿಗೆಯಲ್ಲಿ ಊಟ ಮುಗಿಸಿದೆ.

ಕೆಂಪು, ನೀಲಿ, ಹಸಿರು, ನೇರಳೆ ಎಲ್ಲ ಸೇರಿ ಹೊರಬಂದ ಬಣ್ಣ ಮಳೆಗಾಲದ ಚರಂಡಿಯದು. ನಾನು ನಗು ತಡೆದುಕೊಂಡೆ. ಇವರು ಹುಳವನ್ನು ಬೆಳಕಿಗೆ ಹಿಡಿದು, "ಅಂಗಡಿಯಲ್ಲಿ ಇದೇ ಬಣ್ಣಕ್ಕೆ ಗ್ರೀನ್ ಪಂಪ್ಕಿನ್ ಅಂತಾರೆ. ಎಲ್ಲಕ್ಕಿಂತ ಹೆಚ್ಚು ಖರ್ಚಾಗೋದು ಇದೇ" ಎಂದರು. ನಾನೂ ಅಂಗಡಿಗೆ ಹೋದಾಗ ನೋಡಿದೆ. ಹೌದು, ಆ ಚರಂಡಿ ಬಣ್ಣಕ್ಕೇ ಒಂದು ಕಪಾಟು.

ಆ ಭಾನುವಾರ ಅತ್ತೆ ಹಾಸನದ ತಂಗಿಗೆ ಫೋನು ಮಾಡಿದ್ದರು. ಸ್ಪೀಕರಿನಲ್ಲಿ ಚಿಕ್ಕತ್ತೆ, "ಪುಟ್ಟ ಹೇಗಿದ್ದಾನಕ್ಕಾ? ಕೆಲಸ ಜಾಸ್ತಿನಾ?" ಅಂದರು.

"ಜಾಸ್ತಿನೇ ಕಣೇ. ವಾರವಿಡೀ ಕಂಪ್ಯೂಟರು. ಶನಿವಾರ ಹುಳ ಕಾಯಿಸಿ ಅಚ್ಚು ಹೊಯ್ತಾನೆ. ಭಾನುವಾರ ಅದನ್ನ ತಗೊಂಡೋಗಿ ಮೀನಿಗೆ ತೋರಿಸಿ ಬರ್ತಾನೆ."

ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ ಚಿಕ್ಕತ್ತೆ ಮೆಲ್ಲಗೆ ಕೇಳಿದರು: "ಯಾರಾದ್ರೂ ಒಳ್ಳೆ ಡಾಕ್ಟರಿಗೆ ತೋರಿಸಿದ್ರಾ ಅಕ್ಕಾ?"