ತೋಟದ ಪಿಕಪ್‌ಗೆ ಯಾವ ಇಂಜಿನ್?

ನಮ್ಮ ಚಿಕ್ಕಪ್ಪನ ಮಗ ಮೂಡಿಗೆರೆ ಕಡೆ ಕಾಫಿ ತೋಟ ನೋಡಿಕೊಳ್ಳುತ್ತಾನೆ. ಹದಿನೈದು ದಿನದಿಂದ ರಾತ್ರಿ ಊಟ ಆದಮೇಲೆ ಅವನದು ಒಂದೇ ಪ್ರಶ್ನೆ. "ಅಣ್ಣಾ, ಟೊಯೋಟಾ ಹಿಲಕ್ಸ್ ತಗೊಳ್ಳಲಾ, ಇಸುಜುವಿನ ಹೊಸ ವಿ-ಕ್ರಾಸ್ ತಗೊಳ್ಳಲಾ, ಇಲ್ಲಾ ನಿನ್ನ ಥರ 2.5 ಲೀಟರ್ ಇಂಜಿನ್ನಿನ ಹಳೇ ವಿ-ಕ್ರಾಸ್ ಹುಡುಕಲಾ?" ಫೋನಲ್ಲಿ ಮಾತು ಅರ್ಧಕ್ಕೇ ನಿಲ್ಲುತ್ತದೆ, ಅದಕ್ಕೆ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ. ಇದೇ ಲೆಕ್ಕಾಚಾರದಲ್ಲಿ ಇರುವ ಬೇರೆಯವರೂ ಓದಿ.

ನನ್ನ ಮಾತು ಇಷ್ಟೇ. ಹಾರ್ಸ್‌ಪವರ್ ನೋಡಿ ಇಂಜಿನ್ ಆರಿಸಬೇಡಿ. ಎಳೆತ ಎಷ್ಟು ಆರ್‌ಪಿಎಂಗೆ (ಇಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) ಶುರುವಾಗುತ್ತದೆ, ಗಾಡಿ ದಿನಾ ಎಲ್ಲಿ ಓಡುತ್ತದೆ, ಅದನ್ನು ನೋಡಿ.

ನಮ್ಮ ಬಿಡದಿಯಲ್ಲೇ ತಯಾರಾಗುವ ಹಿಲಕ್ಸ್‌ನಲ್ಲಿ 2.8 ಲೀಟರ್ ಡೀಸೆಲ್, 204 ಹಾರ್ಸ್‌ಪವರ್. ಟಾರ್ಕ್, ಅಂದರೆ ಎಳೆತದ ಬಲ, ಮ್ಯಾನುಯಲ್‌ಗೆ 420 ಎನ್‌ಎಂ, ಆಟೋಮ್ಯಾಟಿಕ್‌ಗೆ 500. ಹೊಸ ವಿ-ಕ್ರಾಸ್‌ನ 1.9 ಲೀಟರ್ ಇಂಜಿನ್‌ನಲ್ಲಿ 163 ಹಾರ್ಸ್‌ಪವರ್, 360 ಎನ್‌ಎಂ. 2016ರಲ್ಲಿ ಬಂದ ಹಳೇ 2.5ರಲ್ಲಿ 134 ಮತ್ತು 320. ಕಾಗದದ ಮೇಲೆ ಹಳೆಯದೇ ಕಡಿಮೆ, ಅಲ್ವಾ? ಆದರೆ 1.9ರ ಪೂರ್ತಿ ಟಾರ್ಕ್ ಬರುವುದು 2000 ಆರ್‌ಪಿಎಂ ದಾಟಿದ ಮೇಲೆ, 2500ಕ್ಕೆ ಅದು ಇಳಿಯಲು ಶುರು. ಹಳೇ 2.5ರದ್ದು 1800ಕ್ಕೇ ಬಂದು 2800ರವರೆಗೆ ಇರುತ್ತದೆ. ಹಿಲಕ್ಸ್ ಮ್ಯಾನುಯಲ್‌ನದ್ದಂತೂ 1400ರಿಂದ 3400ರವರೆಗೆ.

ಇದು ಯಾಕೆ ಮುಖ್ಯ ಅಂದರೆ, ನಮ್ಮ ಹಳ್ಳ ದಾಟಿ ಬರುವ ಏರಿನಲ್ಲಿ ಜುಲೈ ತಿಂಗಳಲ್ಲಿ ಕೆಂಪು ಕೆಸರು ಬೆಣ್ಣೆ ಥರ ಜಾರುತ್ತದೆ, ಅಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದರೆ ಚಕ್ರ ಸುಮ್ನೆ ತಿರುಗುತ್ತದೆ, ಗಾಡಿ ಅಡ್ಡ ಜಾರುತ್ತದೆ. ಫೋರ್ ವೀಲ್ ಲೋ (ನಾಲ್ಕೂ ಚಕ್ರ ನಿಧಾನವಾಗಿ, ಬಲವಾಗಿ ಎಳೆಯುವ ಗೇರ್) ಹಾಕಿ, ಮೊದಲನೇ ಗೇರಿನಲ್ಲಿ, ನಡೆಯುವವರ ವೇಗದಲ್ಲಿ ಹತ್ತಬೇಕು. ಲೋ ಗೇರಿನಲ್ಲಿ ಎಳೆತ ಸುಮಾರು ಎರಡೂವರೆ ಪಟ್ಟಾಗುತ್ತದೆ, ಹಾಗಾಗಿ ಮೂರು ಇಂಜಿನ್‌ಗಳಿಗೂ ಶಕ್ತಿ ಧಾರಾಳ. ಇಂಜಿನ್ನಿಗೆ ಹೆಚ್ಚು ಗಾಳಿ ತಳ್ಳುವ ಟರ್ಬೊ ಇನ್ನೂ ಎಚ್ಚರ ಆಗದ ಆ ಹೊತ್ತಿನಲ್ಲಿ ಇಂಜಿನ್ ಉಸಿರು ಕಟ್ಟದೆ ಎಳೆಯುತ್ತದಾ ಅನ್ನುವುದೇ ಪ್ರಶ್ನೆ. ಅಲ್ಲಿ ದೊಡ್ಡ ಇಂಜಿನ್ನಿಗೆ ಅನುಕೂಲ ಜಾಸ್ತಿ. ಇಳಿಯುವಾಗಲೂ ಅಷ್ಟೇ, ಬ್ರೇಕ್ ಮುಟ್ಟದೆ ಗಾಡಿಯನ್ನು ಚೆನ್ನಾಗಿ ಹಿಡಿದುಕೊಳ್ಳುತ್ತದೆ. 1.9 ತಗೊಳ್ಳುವುದಾದರೆ ಆಟೋಮ್ಯಾಟಿಕ್ ತಗೊಳ್ಳಿ ಅಂತೀನಿ. ಏರಿನಲ್ಲಿ ಅರ್ಧ ಕ್ಲಚ್ ಒತ್ತಿ ಸುಡುವ ಕೆಲಸ ಇರುವುದಿಲ್ಲ.

ಇನ್ನೊಂದು ವಿಷಯ ಶೋರೂಮಿನಲ್ಲಿ ಯಾರೂ ತಾವಾಗಿ ಹೇಳುವುದಿಲ್ಲ. ಬಿಎಸ್6 (ಹೊಸ ಹೊಗೆ ನಿಯಮ) ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅಂತ. ಅದರೊಳಗಿನ ಮಸಿ ಸುಟ್ಟುಹೋಗಬೇಕಾದರೆ ಇಂಜಿನ್ ಚೆನ್ನಾಗಿ ಬಿಸಿಯಾಗಿ, ಸ್ವಲ್ಪ ಹೊತ್ತು ಒಂದೇ ಸಮನೆ ಓಡಬೇಕು. ತೋಟದೊಳಗೆ ಎರಡು ಕಿಲೋಮೀಟರ್ ಹೋಗಿ ನಿಲ್ಲಿಸಿ, ಮತ್ತೆ ಎರಡು ಕಿಲೋಮೀಟರ್ ಬರುವ ಗಾಡಿಗೆ ಆ ಅವಕಾಶವೇ ಸಿಗುವುದಿಲ್ಲ. ಪಕ್ಕದ ತೋಟದವರ ಗಾಡಿಯಲ್ಲಿ ಮಳೆಗಾಲ ಮುಗಿಯುವಷ್ಟರಲ್ಲಿ ಮೂರು ಸಲ ಡಿಪಿಎಫ್ ಎಚ್ಚರಿಕೆ ದೀಪ ಹತ್ತಿತು, ಕೊಯ್ಲಿನ ಸಮಯದಲ್ಲಿ ಗಾಡಿ ಇಲ್ಲದೆ ಅವರು ಪಟ್ಟ ಪಾಡು ನೋಡಿ ನನಗೇ ಬೇಜಾರಾಯಿತು. ವಾರಕ್ಕೊಮ್ಮೆ ಹಾಸನದವರೆಗೆ ಓಡಿಸಿದ್ದರೆ ಅಷ್ಟು ತೊಂದರೆ ಆಗುತ್ತಿರಲಿಲ್ಲ.

ಹಾಗಾಗಿ ತಮ್ಮಾ, ನಿನ್ನ ಗಾಡಿ ವಾರದಲ್ಲಿ ಆರು ದಿನ ತೋಟದೊಳಗೇ ಇರುತ್ತದೆ. ನಿನಗೆ ಈ ಫಿಲ್ಟರ್ ತಲೆನೋವಿಲ್ಲದ, ಒಳ್ಳೆಯ ಸ್ಥಿತಿಯ ಬಿಎಸ್4 (ಹಿಂದಿನ ಹೊಗೆ ನಿಯಮ) ಕಾಲದ 2.5 ಸಾಕು, ಉಳಿದ ದುಡ್ಡಿನಲ್ಲಿ ನಾಲ್ಕು ಒಳ್ಳೆಯ ಮಡ್ ಟೈರ್ ಹಾಕಿಸು. ತಿಂಗಳಿಗೆ ಮೂರ್ನಾಲ್ಕು ಸಲ ಬೆಂಗಳೂರಿಗೆ ಹೋಗುವವನಾಗಿದ್ದರೆ ನಾನೇ ಹಿಲಕ್ಸ್ ತಗೋ ಅನ್ನುತ್ತಿದ್ದೆ. ಒಂದು ಎಚ್ಚರಿಕೆ, ಇಸುಜುವಿನದೇ ಇನ್ನೊಂದು ಪಿಕಪ್ ಎಸ್-ಕ್ಯಾಬ್‌ನಲ್ಲೂ 2.5 ಅಂತಲೇ ಇರುತ್ತದೆ. ಬಿಎಸ್6 ಎಸ್-ಕ್ಯಾಬ್‌ನದ್ದು 78 ಹಾರ್ಸ್‌ಪವರ್, ಫೋರ್ ವೀಲ್ ಡ್ರೈವ್ ಇಲ್ಲ. ನಂಬರ್ ಒಂದೇ ಅಂತ ಅಡ್ವಾನ್ಸ್ ಕೊಟ್ಟುಬಿಡಬೇಡ.

ಭಾನುವಾರ ಹಾಸನದಲ್ಲಿ 2018ರ ಒಂದು ಗಾಡಿ ನೋಡಲು ಹೋಗೋಣ. ನಾವು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಮಾಲೀಕರಿಗೆ ಹೇಳಿದ್ದೇನೆ. ತಣ್ಣಗಿರುವಾಗ ಹೇಗೆ ಸ್ಟಾರ್ಟ್ ಆಗುತ್ತದೆ, ಎಂಥ ಹೊಗೆ ಬಿಡುತ್ತದೆ ಅಂತ ಮೊದಲು ನೋಡಬೇಕು.